ಹದ ತಪ್ಪಿದ ಕಣ್ಣು

ನನ್ನ ಎಡಗಣ್ಣಿಗೆ ಏನೂ ಆಗಿಲ್ಲ. ಇದುವರೆಗೆ ನೋಡಿದ ಡಾಕ್ಟರುಗಳೆಲ್ಲ ಹೇಳಿದ್ದು ಅದನ್ನೇ. ಪೊರೆ ಬಂದಿಲ್ಲ, ಗುಡ್ಡೆ ಚೆನ್ನಾಗಿದೆ, ಒಳಗಿನ ಪರದೆ ಚೆನ್ನಾಗಿದೆ, ನರವೂ ಚೆನ್ನಾಗಿದೆ. ಒಂದೇ ತೊಂದರೆ, ಅದಕ್ಕೆ ಕಾಣಿಸುವುದಿಲ್ಲ. ಬಲಗಣ್ಣು ಮುಚ್ಚಿಕೊಂಡರೆ ಎದುರಿಗೆ ಯಾರೋ ನಿಂತಿದ್ದಾರೆ ಅಂತ ಗೊತ್ತಾಗುತ್ತದೆ, ಯಾರು ಅಂತ ಗೊತ್ತಾಗುವುದಿಲ್ಲ. ಎಷ್ಟು ದಪ್ಪ ಗಾಜು ಹಾಕಿದರೂ ಅಷ್ಟೇ.

ಇದು ಗೊತ್ತಾಗಿದ್ದು ಎಂಟನೇ ಕ್ಲಾಸಿನಲ್ಲಿ, 1992ರಲ್ಲಿ. ಸ್ಕೂಲಿಗೆ ಕಣ್ಣು ಪರೀಕ್ಷೆಯವರು ಬಂದಿದ್ದರು. ಬಲಗಣ್ಣಿಗೆ ರಟ್ಟು ಹಿಡಿದು "ಬೋರ್ಡ್ ಓದು" ಅಂದರು. "ಎಲ್ಲಿ ಬೋರ್ಡು?" ಅಂದೆ ನಾನು. ಹಿಂದೆ ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ಮೇಷ್ಟ್ರು ತಲೆಗೆ ಮೊಟಕಿದರು. ಹದಿಮೂರು ವರ್ಷ ಒಂದೇ ಕಣ್ಣಿನಲ್ಲಿ ಓಡಾಡಿಕೊಂಡಿದ್ದೆ, ನನಗೇ ಗೊತ್ತಿರಲಿಲ್ಲ!

ಅಪ್ಪ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ದೀಪ ಬಿಟ್ಟು ನೋಡಿ, "ಸೋಮಾರಿ ಕಣ್ಣು ಅಂತಾರೆ ಇದಕ್ಕೆ. ಏಳೆಂಟು ವರ್ಷದೊಳಗೆ ತಂದಿದ್ರೆ ಏನಾದ್ರೂ ಮಾಡಬಹುದಿತ್ತು. ಈಗ ಮೆದುಳು ಬೆಳೆದಾಗಿದೆ" ಅಂದರು. ಅಪ್ಪ ರಾಗಿ ಬೆಳೆಯುವ ಮನುಷ್ಯ. ಬಸ್ಸಿನಲ್ಲಿ ಊರು ಬರುವ ತನಕ ಮಾತಾಡಲಿಲ್ಲ. ಇಳಿಯುವಾಗ ಅಂದದ್ದು ಒಂದೇ ಮಾತು. "ಹದ ತಪ್ತು ಕಣಪ್ಪ."

ಹೊಲ ನೋಡಿದವರಿಗೆ ಹದ ಅಂದರೇನು ಅಂತ ಹೇಳಬೇಕಾಗಿಲ್ಲ. ಮಳೆ ಬಿದ್ದ ಮೇಲೆ ಮಣ್ಣು ಕೆಸರೂ ಅಲ್ಲದ, ಒಣಗಿಯೂ ಇಲ್ಲದ ನಾಲ್ಕಾರು ದಿನ ಸಿಗುತ್ತವಲ್ಲ, ಬಿತ್ತಿದರೆ ಆಗಲೇ ಬಿತ್ತಬೇಕು. ಆಮೇಲೆ ಅದೇ ಬೀಜ, ಅದೇ ಹೊಲ, ಅದೇ ಎತ್ತು, ಆದರೆ ಮೊಳಕೆ ಮಾತ್ರ ಬರುವುದಿಲ್ಲ. ಆ ಮಾತು ನನ್ನ ತಲೆಯಲ್ಲಿ ಮೂವತ್ತು ವರ್ಷ ಉಳಿಯಿತು. ಕಳೆದ ವರ್ಷ ಒಂದು ಕಾರಣ ಬಂತು (ಅದನ್ನು ಕೊನೆಗೆ ಹೇಳುತ್ತೇನೆ), ಆಗ ಕೂತು ಹುಡುಕಿದೆ. ಈ ಏಳೆಂಟು ವರ್ಷದ ಗಡುವನ್ನು ಬರೆದವರು ಯಾರು? ಮೆದುಳು "ಬೆಳೆದಾಗಿದೆ" ಅಂತ ಅವರಿಗೆ ಹೇಗೆ ಗೊತ್ತಾಯಿತು? ಹುಡುಕುತ್ತ ಹೋದರೆ ಒಂದು ದೊಡ್ಡ ಕತೆಯೇ ಸಿಕ್ಕಿತು.

ಕತೆಯ ತುದಿ 1688ರಲ್ಲಿದೆ. ಡಬ್ಲಿನ್‌ನ ವಿಲಿಯಂ ಮಾಲಿನೋ ಎಂಬಾತ ತತ್ವಜ್ಞಾನಿ ಜಾನ್ ಲಾಕ್‌ಗೆ ಒಂದು ಪತ್ರ ಬರೆದ. ಹುಟ್ಟುಕುರುಡನೊಬ್ಬನಿಗೆ ಮುಟ್ಟಿ ನೋಡಿ ಗೋಲ ಯಾವುದು, ಘನ ಯಾವುದು ಅಂತ ಗೊತ್ತಿದೆ. ಅವನಿಗೆ ಇದ್ದಕ್ಕಿದ್ದ ಹಾಗೆ ಕಣ್ಣು ಬಂದರೆ, ಮುಟ್ಟದೆ ಬರೀ ನೋಡಿಯೇ ಹೇಳಬಲ್ಲನೆ? ಮಾಲಿನೋನ ಹೆಂಡತಿ ಮದುವೆಯ ನಂತರ ದೃಷ್ಟಿ ಕಳೆದುಕೊಂಡಿದ್ದಳು. ಹಾಗಾಗಿ ಅವನಿಗೆ ಇದು ಬರೀ ತರ್ಕದ ಆಟ ಆಗಿರಲಿಲ್ಲ ಅಂತ ನನ್ನ ಊಹೆ. 1728ರಲ್ಲಿ ಲಂಡನ್ನಿನ ಸರ್ಜನ್ ವಿಲಿಯಂ ಚೆಸೆಲ್ಡೆನ್ ಹದಿಮೂರರ ಆಸುಪಾಸಿನ ಹುಡುಗನೊಬ್ಬನ ಪೊರೆ ತೆಗೆದ ವರದಿ ಬರೆದ. ಹುಡುಗನಿಗೆ ಬೆಳಕು ಕಂಡಿತು, ಬಣ್ಣ ಕಂಡಿತು. ಆದರೆ ಯಾವ ವಸ್ತು ಯಾವುದು ಅಂತ ಗುರುತು ಹತ್ತಲಿಲ್ಲ, ಹತ್ತಿರ ದೂರ ತಿಳಿಯಲಿಲ್ಲ. ಮುಂದೆ ಇಂಥ ಪ್ರಕರಣಗಳು ಒಂದೊಂದಾಗಿ ಸೇರುತ್ತ ಹೋದವು. 1932ರಲ್ಲಿ ಜರ್ಮನಿಯ ಮಾರಿಯುಸ್ ಫಾನ್ ಸೆಂಡೆನ್ ಅವನ್ನೆಲ್ಲ ಒಟ್ಟುಮಾಡಿ ಪುಸ್ತಕ ಮಾಡಿದ. ದೊಡ್ಡವರಾದ ಮೇಲೆ ಪೊರೆ ತೆಗೆಸಿಕೊಂಡ ಎಷ್ಟೋ ಹುಟ್ಟುಕುರುಡರಿಗೆ ಸಿಕ್ಕಿದ್ದು ದೃಷ್ಟಿಗಿಂತ ಹೆಚ್ಚಾಗಿ ಗಲಿಬಿಲಿ. ಕಣ್ಣು ತೆರೆದಿದೆ, ನೋಡುವವರೇ ಇಲ್ಲ ಅನ್ನೋ ಹಾಗೆ.

ಹಾಗಾದರೆ ನೋಡುವವರು ಎಲ್ಲಿ ಹೋದರು? ಇದಕ್ಕೆ ಉತ್ತರ ಹುಡುಕಿದವರು ಇಬ್ಬರು. ಕೆನಡಾದಲ್ಲಿ ಹುಟ್ಟಿದ ಡೇವಿಡ್ ಹ್ಯೂಬೆಲ್ ಮತ್ತು ಸ್ವೀಡನ್ನಿನ ಟಾರ್ಸ್ಟನ್ ವೀಸಲ್. 1958ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೊತೆಯಾದರು. ಬೆಕ್ಕಿನ ಮೆದುಳಿನ ಹಿಂಭಾಗದಲ್ಲಿ, ನೋಟದ ಕೆಲಸ ನಡೆಯುವ ಜಾಗದಲ್ಲಿ, ಒಂದೇ ಒಂದು ನರಕೋಶಕ್ಕೆ ಕೂದಲಿನಂಥ ತಂತಿ ಚುಚ್ಚಿ, ಬೆಕ್ಕಿನ ಎದುರಿನ ಪರದೆಯ ಮೇಲೆ ಬೆಳಕಿನ ಚುಕ್ಕೆ, ಕಪ್ಪು ಚುಕ್ಕೆ ತೋರಿಸುತ್ತ ಕೂತರು. ಕೋಶ ಸುಮ್ಮನೆ ಇತ್ತು. ಗಂಟೆಗಟ್ಟಲೆ ಏನೂ ಇಲ್ಲ. ಆಮೇಲೆ ಒಂದು ಸಲ ಗಾಜಿನ ಸ್ಲೈಡನ್ನು ಯಂತ್ರಕ್ಕೆ ತೂರಿಸುವಾಗ ಕೋಶ ಇದ್ದಕ್ಕಿದ್ದ ಹಾಗೆ ಪಟಪಟ ಅಂತ ಸದ್ದು ಮಾಡಿತು. ಚುಕ್ಕೆಗಲ್ಲ, ಗಾಜಿನ ಅಂಚಿನ ತೆಳು ನೆರಳು ಪರದೆಯ ಮೇಲೆ ಸರಿದದ್ದಕ್ಕೆ! ಆ ಕೋಶಕ್ಕೆ ಬೇಕಾಗಿದ್ದದ್ದು ಒಂದು ಗೆರೆ, ಅದೂ ಒಂದು ನಿರ್ದಿಷ್ಟ ಓರೆಯಲ್ಲಿ ಸರಿಯುವ ಗೆರೆ.

ಅಲ್ಲಿಂದ ಇಬ್ಬರೂ ಹಾರ್ವರ್ಡ್‌ಗೆ ಹೋದರು. ಪೊರೆ ತೆಗೆದ ಮಕ್ಕಳಿಗೆ ಯಾಕೆ ಕಾಣುವುದಿಲ್ಲ ಅನ್ನೋ ಹಳೇ ಪ್ರಶ್ನೆ ಅವರ ತಲೆಯಲ್ಲಿತ್ತು. ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆ ಹೊಲಿದು, ಎರಡು ಮೂರು ತಿಂಗಳಾದ ಮೇಲೆ ಬಿಚ್ಚಿ ನೋಡಿದರು. (ಓದುವಾಗ ಹೊಟ್ಟೆ ತೊಳಸುತ್ತದೆ. ನಮ್ಮ ಮನೆಯಲ್ಲೂ ಬೆಕ್ಕಿದೆ. ಆದರೆ ಇವತ್ತು ಹಸುಗೂಸುಗಳಿಗೆ ಬೇಗ ಪೊರೆ ತೆಗೆಯುತ್ತಾರಲ್ಲ, ಅದು ಈ ಮರಿಗಳ ಋಣ. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳುವುದು ಕಷ್ಟ, ನಾನಂತೂ ಇನ್ನೂ ಕಲಿತಿಲ್ಲ.) 1963ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೊಲಿದಿದ್ದ ಕಣ್ಣು ಸರಿಯಾಗಿಯೇ ಇತ್ತು, ಆದರೆ ಮೆದುಳಿನ ಹೊರಪದರದಲ್ಲಿ ಆ ಕಣ್ಣಿನ ಮಾತಿಗೆ ಓಗೊಡುವ ಕೋಶಗಳು ಹೆಚ್ಚುಕಡಿಮೆ ಇರಲೇ ಇಲ್ಲ. ಬೆಳೆದ ಬೆಕ್ಕಿನ ಕಣ್ಣನ್ನು ಒಂದು ವರ್ಷ ಮುಚ್ಚಿಟ್ಟರೂ ಏನೂ ಆಗಲಿಲ್ಲ. ಮರಿಗೆ ನಾಲ್ಕರಿಂದ ಎಂಟು ವಾರದ ನಡುವೆ ಬರೀ ಮೂರು ನಾಲ್ಕು ದಿನ ಮುಚ್ಚಿದರೆ ಸಾಕು, ಹಾನಿ ಆಗಿಬಿಡುತ್ತಿತ್ತು. ಸುಮಾರು ಮೂರು ತಿಂಗಳ ಹೊತ್ತಿಗೆ ಆ ಅಪಾಯ ಕಳೆಯುತ್ತಿತ್ತು, ಅವಕಾಶವೂ ಕಳೆಯುತ್ತಿತ್ತು. 1970ರಲ್ಲಿ ಈ ಲೆಕ್ಕವನ್ನೆಲ್ಲ ಬರೆದಿಟ್ಟರು.

ನನ್ನ ಡಾಕ್ಟರು ಹೇಳಿದ ಗಡುವಿನ ಬೇರು ಇಲ್ಲಿತ್ತು. ಅಪ್ಪನ ಭಾಷೆಯಲ್ಲಿ ಹೇಳಿದರೆ, ಹದ.

ನನ್ನನ್ನು ಹೆಚ್ಚು ತಟ್ಟಿದ್ದು ಇನ್ನೊಂದು ಪ್ರಯೋಗ. ಎರಡೂ ಕಣ್ಣು ಹೊಲಿದರೆ ಹಾನಿ ದುಪ್ಪಟ್ಟಾಗಬೇಕಲ್ಲ? 1965ರಲ್ಲಿ ನೋಡಿದಾಗ ಹಾಗಾಗಲಿಲ್ಲ, ಸುಮಾರು ಅರ್ಧದಷ್ಟು ಕೋಶಗಳು ಇನ್ನೂ ಉತ್ತರ ಕೊಡುತ್ತಿದ್ದವು. ಅಂದರೆ ಮುಚ್ಚಿದ ಕಣ್ಣು ಸೊರಗುವುದು ಬಳಸದೇ ಇರುವುದರಿಂದ ಮಾತ್ರ ಅಲ್ಲ, ಪಕ್ಕದ ಕಣ್ಣು ಅದರ ಜಾಗ ನುಂಗುವುದರಿಂದ! ಮುಂದೆ ಎಪ್ಪತ್ತರ ದಶಕದಲ್ಲಿ ಸೈಮನ್ ಲೆವೇ ಜೊತೆ ಸೇರಿ ಕೋತಿಗಳ ಮೆದುಳಿನಲ್ಲಿ ಇದನ್ನು ಕಣ್ಣಾರೆ ತೋರಿಸಿದರು. ಮಾಮೂಲಿಯಾಗಿ ಎಡಗಣ್ಣಿನದೊಂದು ಪಟ್ಟೆ, ಬಲಗಣ್ಣಿನದೊಂದು ಪಟ್ಟೆ, ಉತ್ತ ಹೊಲದ ಸಾಲಿನ ಹಾಗೆ ಸಮಸಮ ಇರುತ್ತವೆ. ಒಂದು ಕಣ್ಣು ಮುಚ್ಚಿದ್ದ ಕೋತಿಯಲ್ಲಿ ತೆರೆದ ಕಣ್ಣಿನ ಪಟ್ಟೆ ಅಗಲವಾಗಿತ್ತು, ಮುಚ್ಚಿದ್ದರದು ಗೆರೆಯಷ್ಟಾಗಿತ್ತು. ಊರಲ್ಲಿ ಅಣ್ಣತಮ್ಮಂದಿರು ವರ್ಷಕ್ಕೊಂದು ಗೇಣು ಬದು ಒತ್ತುತ್ತಾರಲ್ಲ, ಅದೇ ಲೆಕ್ಕ. ನನ್ನ ಎಡಗಣ್ಣಿಗೆ ಹುಟ್ಟಿನಿಂದ ಜಾಸ್ತಿ ಪವರ್ ಇತ್ತು, ಚಿತ್ರ ಮಸುಕಾಗಿ ಬರುತ್ತಿತ್ತು. ಬಲಗಣ್ಣು ಸ್ಪಷ್ಟವಾಗಿ ನೋಡುತ್ತ ಬದು ಒತ್ತುತ್ತ ಹೋಯಿತು. ಸೋಮಾರಿ ಕಣ್ಣು ಅಂತ ಹೆಸರಿಟ್ಟವರ ಮೇಲೆ ನನಗೆ ಸಿಟ್ಟು. ಅದು ಸೋಮಾರಿಯಲ್ಲ, ಜಮೀನು ಕಳೆದುಕೊಂಡದ್ದು. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು, ರಾಜರ್ ಸ್ಪೆರಿ ಜೊತೆ ಹಂಚಿಕೊಂಡು.

ಹುಟ್ಟಿದ ಮೇಲೆ ಬದು ಒತ್ತುವುದು ಸರಿ, ಮೊದಲು ಬದು ಹಾಕಿದವರು ಯಾರು ಅಂತ ನೀವು ಕೇಳಬಹುದು. ಅದಕ್ಕೆ ಬಸಿರಿನೊಳಗೆ ಹೋಗಬೇಕು. ಮಗುವಿನ ಮೆದುಳು ಶುರುವಾಗುವುದು ಒಂದು ಹಾಳೆಯಾಗಿ. ಆ ಹಾಳೆ ಮಡಿಚಿ ಕೊಳವೆಯಾಗುತ್ತದೆ, ಸುಮಾರು 28ನೇ ದಿನಕ್ಕೆ ಕೊಳವೆ ಮುಚ್ಚುತ್ತದೆ. ಎಷ್ಟೋ ಹೆಂಗಸರಿಗೆ ಆಗಿನ್ನೂ ತಾವು ಬಸುರಿ ಅಂತಲೇ ಗೊತ್ತಿರುವುದಿಲ್ಲ. ಅಲ್ಲಿಂದ ನರಕೋಶಗಳು ಸುಗ್ಗಿಯ ಹಾಗೆ ಹುಟ್ಟುತ್ತವೆ. ಹೊರಪದರದ ಕೋಶಗಳಲ್ಲಿ ಬಹುಪಾಲು ಬಸಿರಿನ ಅರ್ಧ ದಾರಿಗೇ ತಯಾರು. ದೊಡ್ಡವರ ಮೆದುಳಿನಲ್ಲಿ ಒಟ್ಟು 8,600 ಕೋಟಿ ನರಕೋಶಗಳಿವೆ ಅಂತ ಬ್ರೆಜಿಲ್‌ನ ಸುಜಾನಾ ಹರ್ಕುಲಾನೊ-ಹೌಜೆಲ್ ಮತ್ತು ಅವರ ಜೊತೆಯವರು 2009ರಲ್ಲಿ ಎಣಿಸಿ ಹೇಳಿದರು.

ಆದರೆ ಕತ್ತಲೆಯ ಗರ್ಭದಲ್ಲಿ ಎಡ ಯಾವುದು ಬಲ ಯಾವುದು ಅಂತ ಮೆದುಳಿಗೆ ಹೇಗೆ ತಿಳಿಯಬೇಕು? ಹ್ಯೂಬೆಲ್ ವೀಸಲ್ ಶಿಷ್ಯೆ ಕಾರ್ಲಾ ಶಾಟ್ಜ್ ಹಿಡಿದದ್ದು ಈ ಪ್ರಶ್ನೆಯನ್ನು. ಇಟಲಿಯ ಲೂಸಿಯಾ ಗಾಲಿ ಮತ್ತು ಲಾಂಬೆರ್ತೊ ಮಾಫೆಯಿ 1988ರಲ್ಲೇ ಇನ್ನೂ ಹುಟ್ಟದ ಇಲಿಮರಿಯ ಕಣ್ಣಿನ ಪರದೆಯಲ್ಲಿ ಕೋಶಗಳು ತಾವಾಗಿಯೇ ಮಿಡಿಯುವುದನ್ನು ಕಂಡಿದ್ದರು. 1991ರಲ್ಲಿ ಶಾಟ್ಜ್ ಮತ್ತು ಜೊತೆಗಾರರು ಆ ಮಿಡಿತ ಅಲೆಯಲೆಯಾಗಿ ಪರದೆಯ ಮೇಲೆ ಹರಿಯುತ್ತದೆ ಅಂತ ತೋರಿಸಿದರು. ಎಡಗಣ್ಣಿನ ಅಲೆ ಬೇರೆ ಹೊತ್ತಿಗೆ, ಬಲಗಣ್ಣಿನದು ಬೇರೆ ಹೊತ್ತಿಗೆ. ಒಟ್ಟಿಗೆ ಮಿಡಿದವು ಒಟ್ಟಿಗೆ ಸೇರಿಕೊಳ್ಳುತ್ತವೆ, ಬದು ತಾನಾಗಿ ಬೀಳುತ್ತದೆ. ಬೆಳಕು ಅಂದರೇನೆಂದೇ ಗೊತ್ತಿಲ್ಲದ ಕಣ್ಣು ನೋಟದ ತಾಲೀಮು ಮಾಡುತ್ತಿರುತ್ತದೆ! ಅಭಿಮನ್ಯುವಿಗಾದರೂ ಪಾಠ ಹೇಳಲು ಒಬ್ಬ ಗುರು ಇದ್ದ.

ಇನ್ನು ನನಗೆ ತುಂಬ ಇಷ್ಟವಾದ ಮನುಷ್ಯನಿಗೆ ಬರುತ್ತೇನೆ. ಪೀಟರ್ ಹುಟೆನ್‌ಲೋಕರ್. ಷಿಕಾಗೋದ ಮಕ್ಕಳ ನರರೋಗ ವೈದ್ಯ. ಇವರು ಮಾಡಿದ ಕೆಲಸ, ಎಣಿಸಿದ್ದು. ತೀರಿಕೊಂಡವರ ಮೆದುಳಿನ ಚೂರುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದು, ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ದಾಟುವ ಸಂದುಗಳಿವೆಯಲ್ಲ, ಸಿನಾಪ್ಸ್ ಅನ್ನುತ್ತಾರೆ, ಅವನ್ನು ಒಂದೊಂದಾಗಿ ಎಣಿಸಿದರು. 1979ರಲ್ಲಿ ಹಾಗೆ ಎಣಿಸಿ ಬರೆದದ್ದು 21 ಮೆದುಳುಗಳ ಲೆಕ್ಕ, ಆಗ ತಾನೇ ಹುಟ್ಟಿದ ಕೂಸಿನಿಂದ ಹಿಡಿದು ತೊಂಬತ್ತರ ಮುದುಕರ ತನಕ. ಬೆಳವಣಿಗೆ ಅಂದರೆ ಸೇರುತ್ತ ಹೋಗುವುದು ತಾನೇ? ಲೆಕ್ಕ ಹಾಗೆ ಬರಲಿಲ್ಲ. ಹಣೆಯ ಹಿಂದಿನ ಭಾಗದಲ್ಲಿ ಒಂದೆರಡು ವರ್ಷದ ಮಗುವಿಗೆ ದೊಡ್ಡವರಿಗಿಂತ ಸುಮಾರು ಅರ್ಧಪಟ್ಟು ಹೆಚ್ಚು ದಟ್ಟವಾಗಿ ಸಿನಾಪ್ಸುಗಳಿದ್ದವು. ಅಲ್ಲಿಂದ ಹದಿನಾರರ ತನಕ ಇಳಿಯುತ್ತ ಹೋಗುತ್ತಿತ್ತು. ಮುಂದೆ ನೋಟದ ಭಾಗವನ್ನೂ ಎಣಿಸಿದರು, ಅಲ್ಲಿ ಎಂಟು ತಿಂಗಳಿಗೇ ತುದಿ ಮುಟ್ಟಿ, ಹನ್ನೊಂದರ ಹೊತ್ತಿಗೆ ಶೇಕಡಾ ನಲವತ್ತರಷ್ಟು ಕಳೆದಿರುತ್ತಿತ್ತು.

ರಾಗಿ ಒತ್ತಾಗಿ ಹುಟ್ಟಿದಾಗ ಅಪ್ಪ ಕುಂಟೆ ಹೊಡೆಯುತ್ತಿದ್ದುದು ನೆನಪಾಯಿತು. ಚಿಕ್ಕವನಿದ್ದಾಗ ಹಸಿರು ಪೈರು ಮುರಿದು ಬೀಳುವುದನ್ನು ನೋಡಿ ಅಳುತ್ತಿದ್ದೆನಂತೆ. ಉಳಿದದ್ದು ತೆನೆ ಕಟ್ಟಬೇಕಾದರೆ ಅಷ್ಟು ಹೋಗಲೇಬೇಕು. ಒಂದು ಮಾತು ಮಾತ್ರ ಮರೆಯಬಾರದು. ಹುಟೆನ್‌ಲೋಕರ್ ಎಣಿಸಿದ ಒಂದೊಂದು ಸಣ್ಣ ಮೆದುಳಿನ ಹಿಂದೆಯೂ ಮಗುವನ್ನು ಕಳೆದುಕೊಂಡ ಒಂದು ಮನೆ ಇತ್ತು. ಬೆಂಗಳೂರಿನ ನಿಮ್ಹಾನ್ಸ್ ಮೆದುಳು ಸಂಗ್ರಹಾಲಯದಲ್ಲಿ ಒಮ್ಮೆ ನನ್ನ ಕೈಗೆ ಒಂದು ಮೆದುಳು ಕೊಟ್ಟಿದ್ದರು. ಅದನ್ನು ಹಿಡಿದು ನಿಂತಾಗ ನನಗೆ ಬಂದ ಯೋಚನೆಯೂ ಇದೇ. ಯಾರ ಮನೆಯವರೋ ಇದನ್ನು ಕೊಟ್ಟಿದ್ದಾರೆ.

ಇಷ್ಟು ಹೊತ್ತಿಗೆ ಬೆಕ್ಕಿನ ಹದ, ಕೋತಿಯ ಬದು, ಮಕ್ಕಳ ಎಣಿಕೆ ಎಲ್ಲ ಸೇರಿ ಅಮೆರಿಕದಲ್ಲಿ ಒಂದು ಗಲಾಟೆಯೇ ಆಯಿತು. ಮೊದಲ ಮೂರು ವರ್ಷದಲ್ಲಿ ಆಗದಿದ್ದರೆ ಜನ್ಮದಲ್ಲಿ ಆಗುವುದಿಲ್ಲ ಅನ್ನೋ ಹೆದರಿಕೆ. 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರ್ ಜೆಲ್ ಮಿಲ್ಲರ್ ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಸಿಡಿ ಹಂಚುವ ಯೋಜನೆಯನ್ನೇ ತಂದರು! ಮರುವರ್ಷ ಜಾನ್ ಬ್ರೂಯರ್ ಈ ಮೂರು ವರ್ಷದ ಮಾತು ಕಟ್ಟುಕತೆ ಅಂತ ಒಂದು ಪುಸ್ತಕವನ್ನೇ ಬರೆದರು. ಕಣ್ಣಿಗೆ ಇರುವ ಹದ ಗಣಿತಕ್ಕೂ ವೀಣೆಗೂ ಇರಬೇಕು ಅಂತ ಎಲ್ಲಿದೆ? ಒಂದೇ ಹೊಲದಲ್ಲಿ ರಾಗಿಯ ಹದ ಬೇರೆ, ಹುರುಳಿಯ ಹದ ಬೇರೆ.

ಹಾಗಂತ ಹದ ಅನ್ನುವುದೇ ಸುಳ್ಳು ಅನ್ನಲು ನನಗೆ ಧೈರ್ಯ ಇಲ್ಲ, ರೊಮೇನಿಯಾದ ಕತೆ ಓದಿದ ಮೇಲೆ. 1966ರಲ್ಲಿ ಚೌಶೆಸ್ಕು ಗರ್ಭಪಾತ ನಿಷೇಧಿಸಿದ, ಹೆರಿಗೆ ಹೆಚ್ಚಿತು, ಸಾಕಲಾರದ ಮಕ್ಕಳು ಸರ್ಕಾರಿ ಅನಾಥಾಲಯ ಸೇರಿದರು. 1989ರಲ್ಲಿ ಅವನು ಬಿದ್ದಾಗ ಅಂಥ ಮಕ್ಕಳು ಲಕ್ಷಕ್ಕೂ ಮಿಕ್ಕಿ. ಅನ್ನ ಸಿಗುತ್ತಿತ್ತು, ಎತ್ತಿಕೊಳ್ಳುವ ಕೈ ಇರಲಿಲ್ಲ. ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಅನ್ನೋ ಮೂವರು 2000ದ ಸುಮಾರಿಗೆ ಬುಕಾರೆಸ್ಟ್‌ನಲ್ಲಿ ಇಂಥ 136 ಮಕ್ಕಳನ್ನು ತೆಗೆದುಕೊಂಡು, ಅರ್ಧ ಮಕ್ಕಳಿಗೆ ಸಾಕುಮನೆ ಕೊಡಿಸಿ, ವರ್ಷಗಟ್ಟಲೆ ನೋಡಿದರು. ಮನೆ ಸೇರಿದವರ ಬುದ್ಧಿ ಚೇತರಿಸಿತು, ಎರಡು ವರ್ಷದೊಳಗೆ ಸೇರಿದವರದು ಹೆಚ್ಚು. ಯಾವ ಮಗುವಿಗೆ ಮನೆ, ಯಾವುದಕ್ಕೆ ಇಲ್ಲ ಅಂತ ತೀರ್ಮಾನವಾಗಿದ್ದು ಚೀಟಿ ಎತ್ತುವಂಥ ಕ್ರಮದಲ್ಲಿ. ಆ ಚೀಟಿಯನ್ನು ಮರೆಯಲು ನನಗಾಗುತ್ತಿಲ್ಲ.

ಇತ್ತ ಎಂಆರ್‌ಐ ಬಂದ ಮೇಲೆ ಎಣಿಸಲು ಸಾವಿಗೆ ಕಾಯಬೇಕಾಗಲಿಲ್ಲ. ಅಮೆರಿಕದ ಜೇ ಗೀಡ್ 1991ರಿಂದ ಆರೋಗ್ಯವಂತ ಮಕ್ಕಳನ್ನು ಎರಡೆರಡು ವರ್ಷಕ್ಕೊಮ್ಮೆ ಕರೆದು ಚಿತ್ರ ತೆಗೆಯುತ್ತ ಹೋದರು. 1999ರಲ್ಲಿ ಬಂದ ಲೆಕ್ಕ, 145 ಮಕ್ಕಳದು. ಮುಂಭಾಗದ ಬೂದು ಪದರ ಹುಡುಗಿಯರಿಗೆ ಹನ್ನೊಂದಕ್ಕೆ, ಹುಡುಗರಿಗೆ ಹನ್ನೆರಡಕ್ಕೆ ತುದಿ ಮುಟ್ಟಿ, ಆಮೇಲೆ ತೆಳುವಾಗುತ್ತ ಇಪ್ಪತ್ತು ದಾಟಿದರೂ ನಿಲ್ಲುತ್ತಿರಲಿಲ್ಲ. "ಮೆದುಳು ಇಪ್ಪತ್ತೈದಕ್ಕೆ ಪೂರ್ತಿಯಾಗುತ್ತದೆ" ಅನ್ನೋ ಮಾತು ನೀವೂ ಕೇಳಿರಬಹುದು. ಯಾರೂ ಇಪ್ಪತ್ತೈದಕ್ಕೆ ಗೆರೆ ಎಳೆದಿರಲಿಲ್ಲ, ಆಗಿನ ಹಲವು ಅಧ್ಯಯನಗಳಲ್ಲಿ ಇಪ್ಪತ್ತರ ಈಚೆಯವರನ್ನೇ ಹೆಚ್ಚಾಗಿ ನೋಡಿದ್ದರು, ಅಷ್ಟೇ. 2025ರಲ್ಲಿ ಕೇಂಬ್ರಿಜ್‌ನಿಂದ ಬಂದ ಅಧ್ಯಯನವೊಂದು, ಮೆದುಳಿನ ಜೋಡಣೆಯಲ್ಲಿ ಹರೆಯದಂಥ ಬದಲಾವಣೆ ಸರಾಸರಿ 32ರ ತನಕ ನಡೆಯುತ್ತದೆ ಅಂತು. ನನ್ನ ಡಾಕ್ಟರು ಹದಿಮೂರಕ್ಕೇ "ಬೆಳೆದಾಗಿದೆ" ಅಂದಿದ್ದರು!

ಗಡುವು ಹೀಗೆ ಮುಂದಕ್ಕೆ ಸರಿಯುತ್ತಿರುವಾಗ ಕಣ್ಣಿನ ಗಡುವೂ ಅಲುಗಾಡತೊಡಗಿತು. 2002ರಲ್ಲಿ, ಬಸಿರಿನ ಇಲಿಮರಿ ನೋಡಿದ್ದರಲ್ಲ ಮಾಫೆಯಿ, ಅವರ ಗುಂಪಿನ ತೊಮ್ಮಾಸೊ ಪಿಜ್ಜೊರುಸ್ಸೊ ಮುಂತಾದವರು ಬೆಳೆದ ಇಲಿಯ ಮೆದುಳಿನ ಕೋಶಗಳ ಸುತ್ತ ಕಟ್ಟಿಕೊಂಡಿರುವ ಬಲೆಯಂಥ ಪದಾರ್ಥವನ್ನು ಕರಗಿಸಿದಾಗ, ಮರಿಯಲ್ಲಿದ್ದ ಬಾಗುವ ಗುಣ ವಾಪಸು ಬಂತು. ಅಂದರೆ ಹದ ಆರಿಹೋಗುವುದಲ್ಲ, ಮೆದುಳೇ ಮೇಲೊಂದು ಹೆಪ್ಪು ಕಟ್ಟಿಕೊಳ್ಳುವುದು. ಅದೇ 2002ರಲ್ಲಿ ಅಮೆರಿಕದ ಸೂ ಬ್ಯಾರಿ, ಹಸುಗೂಸಾಗಿದ್ದಾಗಿನಿಂದ ಮಾಲುಗಣ್ಣಿನವರು, ಕಾಲೇಜಿನಲ್ಲಿ ಹ್ಯೂಬೆಲ್ ವೀಸಲ್ ಪಾಠ ಕೇಳಿ ತನ್ನ ಕತೆ ಮುಗಿಯಿತು ಅಂದುಕೊಂಡಿದ್ದವರು, 48ನೇ ವಯಸ್ಸಿನಲ್ಲಿ ಕಣ್ಣಿನ ವ್ಯಾಯಾಮ ಮಾಡಿ ಮೊದಲ ಸಲ ಎರಡೂ ಕಣ್ಣಿನಿಂದ ಆಳ ಕಂಡರು. ಆಕೆ ಆಗ ಸ್ವತಃ ಮೆದುಳಿನ ವಿಜ್ಞಾನ ಕಲಿಸುತ್ತಿದ್ದ ಪ್ರೊಫೆಸರ್.

ಮಾಲಿನೋನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ದೇಶದಲ್ಲಿ. ದೆಹಲಿ ಐಐಟಿಯಲ್ಲಿ ಓದಿ ಎಂಐಟಿಯಲ್ಲಿ ಪ್ರೊಫೆಸರ್ ಆದ ಪವನ್ ಸಿನ್ಹಾ, ಹಳ್ಳಿಗಳಲ್ಲಿ ಪೊರೆಯ ಕಣ್ಣಿನಿಂದಲೇ ಬೆಳೆದುಬಿಟ್ಟ ಮಕ್ಕಳನ್ನು ಹುಡುಕಿ ದೆಹಲಿಯಲ್ಲಿ ಆಪರೇಷನ್ ಮಾಡಿಸುವ ಪ್ರಾಜೆಕ್ಟ್ ಪ್ರಕಾಶ್ ಶುರುಮಾಡಿದರು. 2011ರಲ್ಲಿ ಪ್ರಕಟವಾದದ್ದು ಎಂಟರಿಂದ ಹದಿನೇಳರ ಐದು ಮಕ್ಕಳ ಫಲಿತಾಂಶ. ಮುಟ್ಟಿದ ವಸ್ತುವನ್ನು ನೋಡಿ ಗುರುತಿಸಬಲ್ಲರೆ? ಪಟ್ಟಿ ಬಿಚ್ಚಿದ ಕೂಡಲೇ ಆಗಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಕಲಿತುಬಿಟ್ಟರು. ಸೂಕ್ಷ್ಮ ದೃಷ್ಟಿ ಕೊನೆಗೂ ಪೂರ್ತಿ ಬರಲಿಲ್ಲ ಅನ್ನೋದನ್ನೂ ಹೇಳಬೇಕು. ಪುಸ್ತಕದ ಪ್ರಕಾರ ಇವರೆಲ್ಲರ ಹದ ಎಂದೋ ತಪ್ಪಿತ್ತು.

ಹುಡುಕುತ್ತ ಕೊನೆಗೆ ನನಗೆ ಸಿಕ್ಕಿದ್ದು 2005ರ ಒಂದು ವರದಿ. ಅಮೆರಿಕದಲ್ಲಿ ಏಳರಿಂದ ಹದಿನೇಳರ 507 ಮಕ್ಕಳ ಸೋಮಾರಿ ಕಣ್ಣಿಗೆ ಚಿಕಿತ್ಸೆ ಮಾಡಿ ನೋಡಿದ್ದು. ಹದಿಮೂರು ದಾಟಿದವರಲ್ಲಿ ಒಟ್ಟಾರೆ ದೊಡ್ಡ ಲಾಭ ಕಾಣಲಿಲ್ಲ. ಆದರೆ ಮೊದಲು ಯಾವ ಚಿಕಿತ್ಸೆಯೂ ಆಗದೇ ಇದ್ದವರನ್ನು ಬೇರೆಯಾಗಿ ನೋಡಿದಾಗ, ಕನ್ನಡಕ ಮಾತ್ರ ಕೊಟ್ಟವರಲ್ಲಿ ನೂರಕ್ಕೆ ಇಪ್ಪತ್ತು ಮಂದಿಗೆ, ಪಟ್ಟಿಯನ್ನೂ ಕಟ್ಟಿದವರಲ್ಲಿ ನಲವತ್ತೇಳು ಮಂದಿಗೆ ಬೋರ್ಡಿನಲ್ಲಿ ಎರಡು ಸಾಲಿನಷ್ಟು ಸುಧಾರಣೆ.

ನನಗೆ ಆಗ ಹದಿಮೂರು. ಯಾವ ಚಿಕಿತ್ಸೆಯೂ ಆಗಿರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ನಿಂತಿದ್ದೆ. ಆ ಡಾಕ್ಟರ ಮೇಲೆ ಸಿಟ್ಟು ಬರಲಿಲ್ಲ, 1992ರಲ್ಲಿ ಅವರ ಮುಂದಿದ್ದದ್ದು ಅಷ್ಟೇ. ಕನ್ನಡಕವನ್ನಾದರೂ ಬರೆದುಕೊಟ್ಟಿದ್ದರೆ ಅಂತ ಮಾತ್ರ ಅನ್ನಿಸಿತು.

ಹ್ಞಾಂ, ಕಾರಣ ಹೇಳುತ್ತೇನೆ ಅಂದಿದ್ದೆನಲ್ಲ. ಮಗಳಿಗೆ ನಾಲ್ಕು ತುಂಬಿದಾಗ, ನನ್ನ ಕತೆ ನೆನಪಿಟ್ಟುಕೊಂಡು ಹೆಂಡತಿಯೇ ಹಠ ಹಿಡಿದು ಕಣ್ಣು ತೋರಿಸಿದಳು. ಅದೇ ಎಡಗಣ್ಣು, ಅದೇ ಪವರ್. ಕನ್ನಡಕ ಕೊಟ್ಟು, ದಿನಕ್ಕೆ ಎರಡು ಗಂಟೆ ಬಲಗಣ್ಣಿಗೆ ಪಟ್ಟಿ ಅಂಟಿಸಿ ಅಂದರು. ಅವಳೋ ಅಂಟಿಸಿದ ಐದು ನಿಮಿಷಕ್ಕೆ ಕಿತ್ತೆಸೆಯುತ್ತಿದ್ದಳು. ಒಂದು ದಿನ "ನೀನೂ ಹಾಕ್ಕೋ ಅಪ್ಪಾ, ಆಗ ಹಾಕ್ಕೋತೀನಿ" ಅಂದಳು. ಡಾಕ್ಟರನ್ನು ಕೇಳಿದೆ. ಮನೆಯಲ್ಲಿ ಕೂತು ಕಟ್ಟಿಕೊಂಡರೆ ನಷ್ಟವಿಲ್ಲ, ಆಸೆ ಮಾತ್ರ ಇಟ್ಟುಕೊಳ್ಳಬೇಡಿ ಅಂದರು. ಈಗ ಸಂಜೆ ಆರರಿಂದ ಎಂಟರವರೆಗೆ ನಮ್ಮ ಮನೆಯಲ್ಲಿ ಇಬ್ಬರು ಒಕ್ಕಣ್ಣರು. ಅವಳು ಮಣಿ ಪೋಣಿಸುತ್ತಾಳೆ, ನಾನು ಚೆಲ್ಲಿದ ಮಣಿ ತಡಕಾಡುತ್ತೇನೆ.

ಹೋದ ತಿಂಗಳು ಊರಿಂದ ಅಪ್ಪ ಫೋನ್ ಮಾಡಿದ್ದರು. "ಮಗೀಗೆ ಹೆಂಗೈತೆ ಕಣ್ಣು?" ಬೋರ್ಡಿನಲ್ಲಿ ಮೂರು ಸಾಲು ಜಾಸ್ತಿ ಓದುತ್ತಾಳೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಂದು?" ಅಂದರು. ಮೂವತ್ತು ವರ್ಷಕ್ಕೂ ಮೇಲಾಗಿತ್ತು ಅಪ್ಪ ನನ್ನ ಕಣ್ಣಿನ ಮಾತೆತ್ತಿ. ಮೊದಲು ಗೋಡೆಯ ಮೇಲೆ ಕ್ಯಾಲೆಂಡರ್ ಬರೀ ಬಿಳಿ ಚೌಕವಾಗಿ ಕಾಣುತ್ತಿತ್ತು, ಈಗ ಯಾವ ಮನೆ ಕೆಂಪು, ಯಾವುದು ಕಪ್ಪು ಅಂತ ತಿಳಿಯುತ್ತೆ ಅಂದೆ.

"ಹಂಗಾದ್ರೆ ರಜ ಯಾವತ್ತೈತೆ ನೋಡಿ ಹೇಳು" ಅಂದರು ಅಪ್ಪ. "ಎಲ್ರೂ ಊರಿಗೆ ಬನ್ನಿ."